ಅರವತ್ತು ಕ್ಯಾಂಡಲ್ ಕಾವು

ಇಡೀ ಬೀದಿಯಲ್ಲಿ ಉಳಿದಿದ್ದದ್ದು ಒಂದೇ ಒಂದು ಹಳೇ ಬಲ್ಬು. ಅದು ಬೈಂಡರ್ ಮನೆಯಲ್ಲಿ, ಐದು ಕೋಳಿಮೊಟ್ಟೆಗಳ ನೆತ್ತಿಯ ಮೇಲೆ ಉರಿಯುತ್ತಿತ್ತು.

ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿ ಹೊಟ್ಟೆ ಹೊರೆಯುತ್ತಿದ್ದ ಈ ಬೈಂಡರ್ ಯಾರ ತಂಟೆಗೂ ಹೋಗುವವನಲ್ಲ. ತಂಟೆಗಳೇ ವಿಳಾಸ ಕೇಳಿಕೊಂಡು ಅವನ ಮನೆಗೆ ಬರುತ್ತಿದ್ದವು. ಹೆಂಡತಿಯ ಮುದ್ದಿನ ಹೇಂಟೆ ಎರಡು ವಾರ ಕಾವಿಗೆ ಕೂತು, ಆಮೇಲೆ ಏನನ್ನಿಸಿತೋ ಏನೋ, ಮೊಟ್ಟೆಗಳನ್ನು ಬಿಟ್ಟು ಎದ್ದು ಹೋಗಿತ್ತು. ಅವಳು ಬಿಡಬೇಕಲ್ಲ! ರಟ್ಟಿನ ಪೆಟ್ಟಿಗೆಗೆ ಹಳೇ ಬಟ್ಟೆ ಹಾಸಿ, ಮೊಟ್ಟೆ ಜೋಡಿಸಿ, ಮೇಲೆ ಅರವತ್ತು ಕ್ಯಾಂಡಲ್ ಬಲ್ಬು ಇಳಿಬಿಟ್ಟು, ಬಾಣಂತನಕ್ಕೆ ನಿಂತವಳ ಹಾಗೆ ಕಾವಲು ಕೂತಿದ್ದಳು. ಇವತ್ತು ಅಕ್ಕನ ಮನೆಗೆ ಹೊರಟಾಗ ಬಾಗಿಲಲ್ಲೇ ನಿಂತು ಎಚ್ಚರಿಕೆ ಕೊಟ್ಟಳು.

"ರೀ, ಒಳಗಿಂದ ಕುಟುಕೋ ಸದ್ದು ಕೇಳ್ತಿದೆ. ಇವತ್ತೋ ನಾಳೆಯೋ ಮರಿ ಬರ್ತವೆ. ನಾನು ಸಂಜೆ ಬರೋದ್ರೊಳಗೆ ಮೊಟ್ಟೆ ತಣ್ಣಗಾದ್ವೋ, ಅಕ್ಕನ ಮನೇಲೇ ಇದ್ಬಿಡ್ತೀನಿ, ನೋಡ್ಕೊಳ್ಳಿ."

ಅದೇ ಸಂಜೆ ವಿದ್ಯುತ್ ಕಚೇರಿಯ ಅಧಿಕಾರಿಯೂ ಬರುವವರಿದ್ದರು. ಪ್ರತಿ ಮನೆಯಲ್ಲೂ ಹಳೇ ಬಲ್ಬು ಹೋಗಿ ಎಲ್‌ಇಡಿ ಬಂದಿದ್ದರೆ, ಕತ್ತಲು ಕವಿದ ಬೀದಿಯ ತಿರುವಿಗೆ ಹೊಸ ದೀಪದ ಕಂಬ ಬಹುಮಾನ. ಒಂದೇ ಒಂದು ಹಳೇ ಬಲ್ಬು ಸಿಕ್ಕಿದರೂ ಬಹುಮಾನ ಖೋತಾ. ಇದಕ್ಕೆಲ್ಲ ಮುಂದಾಳು ಬೀದಿಯ ಸಂಘದ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್. ಬೈಂಡರ್‌ಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಅವರನ್ನು ಕಂಡರೆ ಇವತ್ತಿಗೂ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಸಭೆಯಲ್ಲಿ ಅವರು "ಯಾರ ಮನೇಲಾದ್ರೂ ಹಳೇ ಬಲ್ಬು ಉಳಿದಿದೆಯಾ?" ಎಂದು ಗುಡುಗಿದಾಗ, ಎಲ್ಲರಿಗಿಂತ ಮೊದಲು ಇಲ್ಲವೆಂದು ತಲೆಯಾಡಿಸಿದವನು ಅವನೇ.

ಮಧ್ಯಾಹ್ನ ಬಾಗಿಲು ದಡದಡ ಬಡಿಯಿತು.

"ಕೊನೇ ತಪಾಸಣೆ ಕಣೋ! ಬಾಗಿಲು ತೆಗಿ!"

ಹೆಡ್‌ಮಿಸ್ ದನಿ! ಬೈಂಡರ್‌ನ ಜೀವ ಬಾಯಿಗೆ ಬಂತು. ಪೆಟ್ಟಿಗೆಯನ್ನು ವೈರಿನ ಸಮೇತ ಮಂಚದ ಕೆಳಗೆ ತಳ್ಳಿದ. ಮೊಟ್ಟೆಗಳು ಕ್ಷೇಮವಾಗಿ ಒಳಗೆ ಹೋದವು. ಬಲ್ಬು ಮಾತ್ರ ಮಂಚದ ಕಾಲಿಗೆ ತಗುಲಿ ಟಪ್ಪೆಂದು ಒಡೆಯಿತು.

ಹೆಡ್‌ಮಿಸ್ ಮನೆಯ ಪ್ರತಿ ಸ್ವಿಚ್ಚನ್ನೂ ಒತ್ತಿ ನೋಡಿ, "ಶಭಾಷ್! ಚಿಕ್ಕಂದಿನಿಂದಲೂ ನೀನು ಸುಳ್ಳು ಹೇಳಿದವನಲ್ಲ" ಎಂದರು. ಅವರು ಮುಂದೆ ನಡೆದ ಮೇಲೆ ಬೈಂಡರ್, ಅವರ ಜೊತೆ ಬಂದಿದ್ದ ವೈರ್‌ಮನ್‌ನ ತೋಳು ಹಿಡಿದು ಪಿಸುಗುಟ್ಟಿದ.

"ಅಣ್ಣಾ, ಒಂದು ಹಳೇ ಬಲ್ಬು ಸಿಗುತ್ತಾ?"

"ಎಲ್ಲಾ ಗುಜರಿಗೆ ಹೋಯ್ತಲ್ಲಪ್ಪ. ಅಂಗಡಿಯವನೂ ಮಿಸ್‌ಗೆ ಹೆದರಿ ಮಾರೋದು ಬಿಟ್ಟಿದ್ದಾನೆ. ಯಾಕೆ?"

"ನೆನಪಿಗೆ," ಎಂದ ಬೈಂಡರ್.

ಹೊಸ ಎಲ್‌ಇಡಿಯನ್ನೇ ಮೊಟ್ಟೆಗಳ ಮೇಲೆ ಇಳಿಬಿಟ್ಟು ನೋಡಿದ. ಬೆಳಕೇನೋ ಹಾಲು ಚೆಲ್ಲಿದ ಹಾಗಿತ್ತು, ಕಾವು ಮಾತ್ರ ಸೊನ್ನೆ. ಅದರ ಕೆಳಗೆ ಮೊಟ್ಟೆಗಳು ಪೇಪರ್ ಓದಬಹುದಿತ್ತು, ಮರಿಯಾಗುವಂತಿರಲಿಲ್ಲ. ಮುಟ್ಟಿದರೆ ಆಗಲೇ ತಣ್ಣಗಾಗುತ್ತಿದ್ದವು. ಒಂದರೊಳಗಿಂದ ಕ್ಷೀಣವಾಗಿ ಕುಟುಕುವ ಸದ್ದು ಕೇಳಿ ಅವನ ಕರುಳು ಚುರ್ರೆಂದಿತು. ಬನಿಯನ್ನನ್ನು ಪ್ಯಾಂಟಿನೊಳಗೆ ಸಿಕ್ಕಿಸಿ, ಬೆಲ್ಟು ಬಿಗಿದು, ಐದೂ ಮೊಟ್ಟೆಗಳನ್ನು ಕೊರಳಿನ ಕಡೆಯಿಂದ ಒಳಗಿಳಿಸಿಕೊಂಡ. ಮೇಲೆ ಅಂಗಿ, ಅಂಗಿಯ ಮೇಲೆ ಸ್ವೆಟರು, ಅದರ ಮೇಲೆ ಕಂಬಳಿ. ಸುಡುಬಿಸಿಲಿನ ಮಧ್ಯಾಹ್ನ ಮಂಚದ ಮೇಲೆ ಅಲುಗಾಡದೆ ಅಂಗಾತ ಮಲಗಿದ.

ಹೊತ್ತು ಇಳಿದಾಗ ಪೇಪರ್ ಕೇಳಲು ಬಂದ ಎದುರುಮನೆಯ ಪೋಸ್ಟ್‌ಮಾಸ್ಟರು ಕಿಟಕಿಯಿಂದ ಇಣುಕಿದರು.

"ಅಯ್ಯಯ್ಯೋ, ಚಳಿಜ್ವರ! ಹೊಟ್ಟೆ ಬೇರೆ ಊದ್ಕೊಂಡಿದೆ!"

ಗಳಿಗೆಯಲ್ಲಿ ಸುದ್ದಿ ಬೀದಿಯೆಲ್ಲ ಹಬ್ಬಿತು. ಒಬ್ಬರು ಹೊಟ್ಟೆ ಒತ್ತಿ ನೋಡೋಣ ಎಂದರು, ಇನ್ನೊಬ್ಬರು ಬೋರಲು ಮಲಗಿಸಿದರೆ ಇಳಿಯುತ್ತದೆ ಎಂದರು. ಬೈಂಡರ್ ಹೊಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಚೀರಿದ. ಅಷ್ಟರಲ್ಲಿ ಹೆಡ್‌ಮಿಸ್ ಬಂದು ಹಣೆ ಮುಟ್ಟಿದರು.

"ಜ್ವರಾನೂ ಇಲ್ಲ, ಗಿರಾನೂ ಇಲ್ಲ. ಅಧಿಕಾರಿ ಬಂದಾಯ್ತು. ಬಲ್ಬು ಬದಲಾಯಿಸಿದ ಮನೆಯವರ ಪರವಾಗಿ ನೀನೇ ಎರಡು ಮಾತಾಡ್ಬೇಕು. ಏಳೋ!"

ಮೂರನೇ ಕ್ಲಾಸಿನ ಹುಡುಗ ತಾನಾಗಿಯೇ ಎದ್ದು ನಿಂತ.

ತುಂಬಿದ ಕೊಡ ಹೊತ್ತವನಂತೆ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ, ಬೆವರು ಸುರಿಸುತ್ತಾ, ಬೈಂಡರ್ ಬೀದಿಯ ಸಭೆಯಲ್ಲಿ ಮೈಕಿನ ಮುಂದೆ ಬಂದ. ಅಪ್ಪಿಕೊಳ್ಳಲು ಬಂದ ಪೋಸ್ಟ್‌ಮಾಸ್ಟರನ್ನು ಮೊಣಕೈಯಿಂದ ತಡೆದ.

"ಮಾನ್ಯರೇ, ನಮ್ಮ ಮನೆಯಲ್ಲಿ..."

"ಚಿಂವ್," ಎಂದಿತು ಮೈಕು.

ವೈರ್‌ಮನ್ ಓಡಿ ಬಂದು ಮೈಕಿಗೆ ಎರಡೇಟು ಹಾಕಿದ. ಮತ್ತೆ "ಚಿಂವ್ ಚಿಂವ್." ಬೈಂಡರ್‌ಗೆ ತಡೆಯಲಾರದ ಕಚಗುಳಿ. ನಗುತ್ತಾ ಕುಣಿಯತೊಡಗಿದ ಅವನ ಸ್ವೆಟರಿನ ಕೊರಳಿನಿಂದ ಒದ್ದೆ ತಲೆಯೊಂದು ಮೇಲೆದ್ದು, ಅಧಿಕಾರಿಯನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿತು.

ಇನ್ನು ಮುಚ್ಚಿಡುವುದೇನು? ಬೈಂಡರ್ ಕಣ್ಣು ಮುಚ್ಚಿ ಎಲ್ಲವನ್ನೂ ಒದರಿಬಿಟ್ಟ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು.

"ಆ ಬಲ್ಬು ಈಗ ಇಲ್ಲ ತಾನೆ?"

"ಒಡೆದುಹೋಯ್ತು ಸಾರ್."

"ಮತ್ತೆ ಕಾವು?"

"ನಂದೇ ಸಾರ್."

"ಒಂದು ಯೂನಿಟ್ಟೂ ಖರ್ಚಿಲ್ಲದೆ!" ಎಂದು ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೀದಿಗೆ ದೀಪದ ಕಂಬ ಸಿಕ್ಕಿತು. ಹೆಡ್‌ಮಿಸ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದರ ಹಿಂದೆ ಒಂದು ಐದೂ ಮರಿಗಳು ಹೊರಬಂದು ಬೈಂಡರ್‌ನ ಹೆಗಲೇರಿದವು. ಜೀವಮಾನದಲ್ಲಿ ಮೊದಲ ಸಲ ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಇನ್ನು ಮನೆಗೆ ಹೋಗಿ, ತಣ್ಣೀರು ಸುರಿದುಕೊಂಡು, ಬೋರಲು ಮಲಗಬೇಕು ಎಂದುಕೊಳ್ಳುತ್ತಾ ಸ್ವೆಟರಿನ ಗುಂಡಿಗೆ ಕೈ ಹಾಕಿದ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಹೆಂಡತಿ ಬಂದಳು. ನಡೆದದ್ದನ್ನೆಲ್ಲ ಪೋಸ್ಟ್‌ಮಾಸ್ಟರು ಬಣ್ಣಬಣ್ಣವಾಗಿ ಹೇಳಿದರು. ಅವಳು ಮರಿಗಳನ್ನು ಒಂದೊಂದಾಗಿ ಎತ್ತಿ ಮುದ್ದಾಡಿದಳು. ಗಂಡನನ್ನು ಮದುವೆಯ ದಿನವೂ ಅಷ್ಟು ಅಕ್ಕರೆಯಿಂದ ನೋಡಿರಲಿಲ್ಲ. ಆಮೇಲೆ ಕಂಕುಳಲ್ಲಿದ್ದ ಬುಟ್ಟಿಯ ಬಟ್ಟೆ ಸರಿಸಿದಳು. ಒಳಗೆ ಹನ್ನೆರಡು ಮೊಟ್ಟೆ.

"ಮನೇಲಿ ಬಲ್ಬು ಇದೆಯಲ್ಲಾ ಅಂತ ಅಕ್ಕ ಕೊಟ್ಳು. ಬಲ್ಬು ಹೋಯ್ತಾ? ಹೋಗ್ಲಿ ಬಿಡಿ, ನೀವಿದ್ದೀರಲ್ಲ," ಎನ್ನುತ್ತಾ ಅವಳು ಸ್ವೆಟರಿನ ಬಿಚ್ಚಿದ್ದ ಗುಂಡಿಯನ್ನು ಮತ್ತೆ ಹಾಕಿದಳು. "ಇವು ನಿನ್ನೆ ಇಟ್ಟ ಮೊಟ್ಟೆ. ಇನ್ನು ಮೂರು ವಾರ ಮಗ್ಗುಲು ಬದಲಾಯಿಸ್ಬೇಡಿ."