ಮುಂದಕ್ಕೆ ಹೋಗದ ಕ್ಷಮಾಪಣೆ

ನನ್ನ ಕತ್ತರಿಗಿಂತ ನಾಲಿಗೆ ಹರಿತ ಎಂಬುದು ನನ್ನ ಹೆಂಡತಿಯ ಹಳೆಯ ದೂರು. "ಅಳತೆ ತಗೊಳ್ಳೋವಾಗ್ಲೇ ಜಗಳ ಆಡಿದ್ರೆ ಗಿರಾಕಿ ಯಾಕ್ರೀ ಬರ್ತಾರೆ? ಇನ್ಮೇಲೆ ನೀವು ಹೊಲೀರಿ, ಮಾತು ಕಂಪ್ಯೂಟರ್ ಆಡ್ಲಿ" ಎಂದು ಫರ್ಮಾನು ಹೊರಡಿಸಿದಳು. ಮನೆಯ ಮುಂಗೋಣೆಯೇ ನನ್ನ ಅಂಗಡಿ. ಅದು ನಿಜಕ್ಕೂ ಭಣಗುಡುತ್ತಿತ್ತು. ಹೀಗಾಗಿ, ಏಳನೇ ಕ್ಲಾಸಿಗೇ ವಿದ್ಯಾದೇವಿಗೆ ದೊಡ್ಡ ನಮಸ್ಕಾರ ಹಾಕಿ ಬಂದಿದ್ದ ಈ 'ಪಟಾಕಿ ಟೈಲರ್' ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಯಲು ಸ್ವಂತ ಮಗಳ ಶಿಷ್ಯನಾದ.

"ಅಪ್ಪಾ, ಹೆಸರುಗಳನ್ನ ಸಾಲಾಗಿ ಇಟ್ರೆ ಲಿಸ್ಟ್. ಒಬ್ಬೊಬ್ಬರಿಗೂ ಅದೇ ಕೆಲಸ ಮಾಡ್ಕೊಂಡು ಹೋದ್ರೆ ಲೂಪ್."

"ಅಂಗಿಗೆ ಗುಂಡಿ ಹೊಲಿಯೋದು ಅನ್ನು! ಇದಕ್ಕೆ ಕಾಲೇಜು ಬೇರೆ!"

"ಹೂಂ. ಆದ್ರೆ ಒಂದಾದ ಮೇಲೆ ಮುಂದಿನದಕ್ಕೆ ಹೋಗು ಅಂತ ನಾವೇ ಬರೀಬೇಕು. ಇಲ್ಲಾಂದ್ರೆ ಮೊದಲನೇ ಗುಂಡಿನೇ ಹೊಲೀತಾ ಕೂತಿರುತ್ತೆ. ಪಾಪ, ಹೇಳಿದಷ್ಟೇ ಮಾಡುತ್ತೆ."

(ಹೇಳಿದಷ್ಟೇ ಮಾಡುವ ಪ್ರಾಣಿ ಈ ಮನೆಯಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ.)

ಮೆಸೇಜ್ ಹೋಗುವ ವ್ಯವಸ್ಥೆಯನ್ನೆಲ್ಲ ಮಾಡಿಟ್ಟು, "ಸುಮ್ನೆ ಅಭ್ಯಾಸ ಮಾಡು, ನಿಜವಾದ ನಂಬರ್ ಹಾಕ್ಬೇಡ" ಎಂದು ಹೇಳಿ ಮಗಳು ಕಾಲೇಜಿಗೆ ಹೋದಳು. ನೀರಿಗಿಳಿಯದೆ ಈಜು ಬರುತ್ತದೆಯೇ? ನನ್ನ ಬಾಯಿಗೆ ಹೆದರಿ ಅಂಗಡಿ ಬಿಟ್ಟವರನ್ನೆಲ್ಲ ಲಿಸ್ಟಿನಲ್ಲಿ ಸಾಲಾಗಿ ನಿಲ್ಲಿಸಿದೆ. ಎಲ್ಲರಿಗಿಂತ ಮುಂದೆ ಪಕ್ಕದ ಶಾಲೆಯ ಹೆಡ್‌ಮಿಸ್ಸು. ("ಕೋಟು ಬಿಗಿ" ಎಂದವರಿಗೆ, "ಕೋಟು ಸರಿಯಾಗೇ ಇದೆ, ನೀವು ಬೆಳೆದಿದ್ದೀರಿ" ಎಂದಿದ್ದೆ.) 'ತಪ್ಪಾಯಿತು, ದಯವಿಟ್ಟು ಬನ್ನಿ' ಎಂದು ಮೆಸೇಜ್ ಬರೆದೆ.

"ಮುಂದಿನದಕ್ಕೆ ಹೋಗು ಅಂತ ಹಾಕಿದ್ರಾ?" ಅಡುಗೆಮನೆಯಿಂದ ಹೆಂಡತಿ.

"ನನಗೇ ಹೇಳ್ಕೊಡ್ತೀಯೇನೇ? ನಿನ್ನ ಕೆಲಸ ನೋಡ್ಕೋ ಹೋಗು!" ಎಂದು ಗುಡುಗಿ ಚಾಲೂ ಮಾಡಿದೆ.

ಹಾಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಡ್‌ಮಿಸ್ಸು ಬಾಗಿಲಲ್ಲಿ ಪ್ರತ್ಯಕ್ಷ. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಟಿಣ್ ಟಿಣ್ ಎನ್ನುತ್ತಲೇ ಇರುವ ಫೋನು. ನಾನು ಮೇಜಿನ ಕೆಳಗೆ ಬಿದ್ದ ಸೂಜಿ ಹುಡುಕತೊಡಗಿದೆ. (ಸೂಜಿ ಬಿದ್ದಿರಲಿಲ್ಲ.)

"ಮೇಲೇಳ್ರೀ ಟೈಲರ್ರೇ! ಮೊದಲು ಓದಿದಾಗ ನಂಬ್ಲಿಲ್ಲ. ಆಮೇಲೆ ಪಾಪ ಅನ್ನಿಸ್ತು. ಈಗ ಭಯ ಆಗ್ತಿದೆ. ಕ್ಷಮಿಸಿದೀನಿ, ನಿಲ್ಸಿ! ಈ ಕೋಟು ಸಡಿಲ ಮಾಡ್ಕೊಡಿ, ಜಗಳ ಆಡದೆ ಕೊಟ್ರೆ ಶಾಲೆ ಯೂನಿಫಾರ್ಮ್ ಎಲ್ಲ ನಿಮಗೇ."

ಹೆಂಡತಿ ಓಡಿ ಬಂದು ಅದೇನೋ ಒತ್ತಿ ನಿಲ್ಲಿಸಿದಳು. ನನಗೋ ಎರಡು ಕೊಂಬು ಮೂಡಿದವು. "ನೋಡಿದ್ಯೇನೇ! ಬೇಕಂತಲೇ ಹಾಗೆ ಬರೆದಿದ್ದು! ನಿನ್ನ ತಲೆಗೆ ಇದೆಲ್ಲ ಹತ್ತುತ್ತಾ?" ಎಂದು ಬೀದಿಗೆ ಕೇಳುವಂತೆ ಅಬ್ಬರಿಸಿದೆ.

ಅವಳು ಕಂಪ್ಯೂಟರ್ ಮುಂದೆ ಕೂತು ಟಕಟಕ ಕುಟ್ಟಿದಳು. ನನ್ನ ಜೇಬು ಟಿಣ್ ಎಂದಿತು. 'ದನಿ ತಗ್ಗಿಸಿ.' ಮತ್ತೆ ಟಿಣ್. 'ದನಿ ತಗ್ಗಿಸಿ.' ಮತ್ತೆ ಟಿಣ್.

"ನೀನು ಯಾವಾಗ ಕಲಿತೆ?"

"ಮಗಳು ನಿಮಗೆ ಹೇಳ್ಕೊಡುವಾಗ. ನನಗೆ ಒಂದೇ ಸಲಕ್ಕೆ ಹತ್ತಿತು."

"ನಿಲ್ಲೋ ಸಾಲು ಮರೆತಿದ್ದೀಯಲ್ಲೇ!"

"ಮರೆತಿಲ್ಲ. ನಿಮ್ಮ ಕೋಪ ಇಳಿಯೋ ತನಕ ಮಾತ್ರ ಬರುತ್ತೆ. ಇಳೀತು ಅಂತ ಒತ್ತೋ ಗುಂಡಿ ನನ್ನ ಹತ್ರ ಇದೆ."

ನಾನು ಬಾಯಿ ಹೊಲಿದುಕೊಂಡು ಕೋಟಿನ ಹೊಲಿಗೆ ಬಿಚ್ಚತೊಡಗಿದೆ. ಹಿಂದಿನಿಂದ ಹೆಡ್‌ಮಿಸ್ಸು ನನ್ನ ಹೆಂಡತಿಗೆ ಪಿಸುಗುಟ್ಟಿದ್ದು ಕೇಳಿಸಿತು: "ಅದರಲ್ಲಿ ನಮ್ಮನೆಯವರ ನಂಬರ್ರೂ ಸೇರಿಸ್ಬಹುದಾ?"

"ಅದಕ್ಕೇನಂತೆ, ಹೇಳಿ ಮಿಸ್. ಲಿಸ್ಟ್ ಇರೋದೇ ಅದಕ್ಕೆ."