ಹುಟ್ತಾ ತಂದಿದ್ದು, ಸರ್ಕಾರ ಕೊಟ್ಟಿದ್ದು

ಉಸಿರಾಡಲು ತಮಗೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ ಎಂಬ ವಿಷಯವನ್ನು ಬಸ್ ಕಂಡಕ್ಟರಿಗೆ, ಕ್ಷೌರದ ಅಂಗಡಿಯವನಿಗೆ, ಹಲ್ಲು ಕೀಳುವ ಡಾಕ್ಟರಿಗೆ ಬಿಡಿಬಿಡಿಯಾಗಿ ತಿಳಿಸಿ ಹೇಳುವ ಮನುಷ್ಯ ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಹೆಸರು ಬೇಡ. ಹೆಸರೆತ್ತಿದರೆ, ಅದನ್ನು ಇಟ್ಟವರು ಅಪ್ಪ ಅಮ್ಮ, ಸರ್ಕಾರ ಬರೆದುಕೊಂಡಿತು ಅಷ್ಟೆ, ಎಂದು ಅಲ್ಲಿಂದಲೇ ಶುರುಮಾಡಿಬಿಡುತ್ತಾರೆ.

ಮಾವನ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆ: ಹುಟ್ತಾ ತಂದಿದ್ದು, ಸರ್ಕಾರ ಕೊಟ್ಟಿದ್ದು. ಉಸಿರು, ನಡಿಗೆ, ನಿದ್ದೆ, ಮಾತು, ಕೊಬ್ಬರಿ ಒಣಗಿಸುವ ಬಿಸಿಲು, ಇವೆಲ್ಲ ಹುಟ್ತಾ ತಂದವು. ಇವನ್ನು ಯಾರ ಹತ್ತಿರವೂ ಕೇಳಬಾರದು. ರೇಷನ್, ನಲ್ಲಿ ನೀರು, ಬಸ್ಸಿನ ಹಿರಿಯ ನಾಗರಿಕರ ಸೀಟು, ಇವು ಕೊಟ್ಟವು. ಕೊಟ್ಟವರು ಕಿತ್ತುಕೊಳ್ಳಲೂ ಬಲ್ಲರು, ಆದ್ದರಿಂದ ಇವನ್ನು ನಂಬಬಾರದು. ಮಾವನ ಊರಾದ ಚೇಳೂರಿನಲ್ಲಿ ಕರೆಂಟು ಬಂದಾಗ ಬೀದಿಯ ಮಕ್ಕಳೆಲ್ಲ ‘ಬಂತೂ!’ ಎಂದು ಕೂಗಿದರೆ ಮಾವ ಜಗಲಿಯಿಂದ ‘ಕೊಟ್ರು’ ಎಂದು ತಿದ್ದುತ್ತಾರೆ.

ಈ ಜ್ಞಾನೋದಯ ಅವರಿಗೆ ಎಲ್ಲಾಯಿತು? ಕಾನೂನು ಓದಲು ತುಮಕೂರಿಗೆ ಹೋದವರು ಮೊದಲ ವರ್ಷಕ್ಕೇ ಊರಿಗೆ ವಾಪಸಾದರು. ಫೇಲಾದ ಎನ್ನುತ್ತಾಳೆ ನಮ್ಮಮ್ಮ. ಹಾಲ್ ಟಿಕೆಟ್ ಕೇಳಿದರು, ಬರೆಯೋಕೆ ಎಂಥ ಟಿಕೆಟ್ಟು ಅಂತ ಎದ್ದು ಬಂದೆ ಎನ್ನುತ್ತಾರೆ ಮಾವ. ಯಾವುದು ನಿಜವೋ! ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ನನ್ನ ಪಠ್ಯದ ಮಾತುಗಳನ್ನೇ ಮಾವನ ಬಾಯಿಗೆ ತುರುಕಿ ನೆನಪಿಟ್ಟುಕೊಂಡಿದ್ದೇನೆಯೇ ಎಂಬ ಗುಮಾನಿ ನನಗೇ ಇದೆ. ನನ್ನಂತೆ ದಿನಾ ಡೈರಿ ಬರೆಯುವವರ ನೆನಪನ್ನು ಪೂರ್ತಿ ನಂಬಬೇಡಿ. ಬರೆಯುವಾಗಲೇ ಅದಕ್ಕೆ ಸ್ವಲ್ಪ ಇಸ್ತ್ರಿ ಬಿದ್ದಿರುತ್ತದೆ.

ಇಂಥವರನ್ನು ಕಟ್ಟಿಕೊಂಡ ನಮ್ಮತ್ತೆಗೆ ಬೇಕಾಗಿದ್ದುದು ಒಂದೇ ಒಂದು. ತವರೂರಾದ ಅಮೃತೂರಿಗೆ ಹೋಗಿ ತಂಗಿಯ ಜೊತೆ ಒಂದು ವಾರ ಇದ್ದು ಬರುವುದು. ಇದೇನು ದೊಡ್ಡದು ಎನ್ನಬೇಡಿ. ತವರಿನಿಂದ ಯಾರಾದರೂ ಹೂವು ಹಣ್ಣು ಹಿಡಿದು ಬಂದು, ಮನೆ ಯಜಮಾನನನ್ನು ಕೇಳಿ, ಕರೆದುಕೊಂಡು ಹೋದರೆ ಮಾತ್ರ ಹೆಣ್ಣುಮಗಳು ಹೊರಡಬೇಕು ಎಂಬುದು ಆ ಮನೆಯ ಪದ್ಧತಿ. ಅತ್ತೆಯ ಅಣ್ಣ ಇರುವತನಕ ಬಂದು ಕರೆಯುತ್ತಿದ್ದ. ಅಣ್ಣ ತೀರಿಕೊಂಡ. ತಂಗಿಗೆ ಮಂಡಿನೋವು, ಅಷ್ಟು ದೂರ ಬಸ್ಸಿನಲ್ಲಿ ಬರಲಾರಳು. ಫೋನಿನಲ್ಲಿ ಕರೆದರೆ ಲೆಕ್ಕಕ್ಕಿಲ್ಲವಂತೆ! ಸರ್ಕಾರದ ಮುಂದೆ ಹುಲಿಯಾದ ಮಾವ ಪದ್ಧತಿಯ ಮುಂದೆ ಹಸು. ಹೀಗೆ ಅತ್ತೆ ತವರು ಕಂಡು ವರ್ಷಗಳೇ ಆಗಿದ್ದವು. ತುಮಕೂರಿನ ನಮ್ಮ ಮನೆಗೆಂದು ಇಬ್ಬರೂ ಬಂದಿಳಿದಾಗಲೆಲ್ಲ, ಬಸ್ ಸ್ಟ್ಯಾಂಡಿನಲ್ಲಿ ಅಮೃತೂರಿನ ದಾರಿಯ ಕುಣಿಗಲ್ ಬಸ್ಸಿನ ಮುಂದೆ ಅತ್ತೆಯ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು.

ಮಾವನ ನಡಿಗೆಯ ಕಥೆಯೇ ಬೇರೆ. ಒಮ್ಮೆ ತುಮಕೂರಿನ ಶಿರಾ ಗೇಟ್‌ನಲ್ಲಿ ಅವರನ್ನು ರಸ್ತೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪು ಲೈಟು ಬಿದ್ದು, ಜನ ದಾಟಲೆಂದು ವಾಹನಗಳೆಲ್ಲ ನಿಂತವು. ಮಾವನೂ ನಿಂತರು! ಸರ್ಕಾರ ದಾಟಲು ಬಿಟ್ಟಾಗ ದಾಟಿದರೆ ದಯೆ ಪಡೆದಂತಾಗುತ್ತದಲ್ಲ? ಮತ್ತೆ ವಾಹನಗಳು ನುಗ್ಗತೊಡಗಿದ ಮೇಲೆ ಪಂಚೆ ಎತ್ತಿಕಟ್ಟಿ ಗಂಭೀರವಾಗಿ ಇಳಿದರು. ಪೊಲೀಸಿನವನು ಸೀಟಿ ಊದುತ್ತಾ ಓಡಿಬಂದ.

“ಏನ್ ಯಜಮಾನ್ರೇ, ಕಣ್ ಕಾಣ್ಸಲ್ವಾ?”

“ಕಾಣುತ್ತೆ ಕಣಪ್ಪ. ನಡೆಯೋ ಹಕ್ಕು ನನ್ ಕಾಲ್ ಜೊತೇಲೇ ಹುಟ್ಟಿದ್ದು. ನಿನ್ ಲೈಟು ಮೊನ್ನೆ ಮೊನ್ನೆ ಹುಟ್ಟಿದ್ದು.”

“ಸರಿ ಬುಡಿ. ಆ ಲಾರಿ ಬಂದ್ರೆ ಹಕ್ಕೂ ಕಾಲೂ ಜೊತೇಲೇ ಹೋಗ್ತವೆ. ಈ ಕಡೆ ಬನ್ನಿ!”

ಮನೆಗೆ ಬಂದು ಈ ಅನ್ಯಾಯವನ್ನು ವರ್ಣಿಸಿದ ಮಾವ, ಗಂಟಲೊಣಗಿ ಕಾಫಿ ಕೇಳಿದರು. ಅತ್ತೆ ಲೋಟವನ್ನು ಕೈಯಲ್ಲೇ ಹಿಡಿದು ನಿಂತರು.

“ಇದು ಯಾವ ಲೆಕ್ಕ ಅಂದ್ರೀ? ಹುಟ್ತಾ ತಂದಿದ್ದಾ, ಕೊಟ್ಟಿದ್ದಾ?”

“ಗಂಡ ಅಂದ್ಮೇಲೆ ಕಾಫಿ ಸಹಜವಾದ ಹಕ್ಕು ಕಣೇ.”

“ಅಲ್ಲ. ಇದು ನಾನು ದಯಪಾಲಿಸಿದ್ದು. ಯಾವಾಗ್ ಬೇಕಾದ್ರೂ ವಾಪಸ್ ತಗೋತೀನಿ,” ಎಂದು ಹೇಳಿಯೇ ಅತ್ತೆ ಲೋಟ ಕೊಟ್ಟದ್ದು!

ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯಿತು ನೋಡಿ, ಆ ಮನೆಯಲ್ಲಿ ಯುದ್ಧವೇ ಶುರುವಾಯಿತು. ನಾನು ಚೇಳೂರಿಗೆ ಹೋದ ದಿನ ಮಾವ ಬಾಗಿಲಲ್ಲೇ ಹಿಡಿದರು. “ಎಂ.ಎ. ಓದಿ ಪುಕ್ಕಟೆ ಟಿಕೆಟ್ಟಲ್ಲಿ ಬಂದ್ಯೇನೇ?” ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಅತ್ತೆ ಮೊರದ ಸಮೇತ ಬಂದರು.

“ನಾನೂ ಅದರಲ್ಲೇ ಹೋಗೋದು. ಅಮೃತೂರಿಗೆ. ಇನ್ನು ಯಾರೂ ಬಂದು ಕರೀಬೇಕಾಗಿಲ್ಲ. ಬಸ್ಸೇ ದಿನಾ ಬಂದು ಹಾರ್ನ್ ಹೊಡ್ದು ಕರೀತೈತೆ.”

“ಕುಣಿಗಲ್‌ನಿಂದಾಚೆಗೆ ಪ್ರೈವೇಟ್ ಬಸ್ಸು. ಸರ್ಕಾರದ ದಯೆ ಅಲ್ಲಿಗೇ ಮುಗೀತು,” ಎಂದರು ಮಾವ.

“ಅಲ್ಲಿಂದ ಟಿಕೆಟ್ ತಗೋತೀನಿ.”

“ಅದಲ್ಲ ಕಣೇ ವಿಷ್ಯ. ಇವತ್ತು ಫ್ರೀ ಅಂದೋರು ನಾಳೆ ಇಲ್ಲ ಅಂತಾರೆ. ತವರಿಗೆ ಹೋಗೋದು ಹೆಣ್ಮಕ್ಳು ಹುಟ್ತಾ ತಂದ ಹಕ್ಕು. ಅದನ್ನ ಯಾರೋ ಕೊಟ್ರು ಅಂತ ಇಸ್ಕೋಬಾರ್ದು.”

ಅತ್ತೆ ಅಕ್ಕಿ ಕೇರುವುದನ್ನು ನಿಲ್ಲಿಸಿದರು.

“ಹುಟ್ತಾ ತಂದಿದ್ದಾ?”

“ಹೂಂ ಮತ್ತೆ!”

“ಹಂಗಾದ್ರೆ ಇಷ್ಟು ವರ್ಷ ಅದನ್ನ ನಿಮ್ಮನ್ನ ಯಾಕ್ರೀ ಕೇಳ್ಬೇಕಿತ್ತು? ನೀವೇನು ಸರ್ಕಾರನಾ?”

ಅತ್ತೆ ಜೋರಾಗಿ ಕೇಳಿದರೋ ಮೆಲ್ಲಗೆ ಕೇಳಿದರೋ ನನಗೀಗ ಖಾತ್ರಿಯಿಲ್ಲ. ಮೆಲ್ಲಗೆ ಎಂದು ಡೈರಿಯಲ್ಲಿದೆ, ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ಜೋರು ದನಿ. ಮಾತು ಹುಟ್ತಾ ತಂದದ್ದು ಎಂದು ದಿನಬೆಳಗಾದರೆ ಸಾರುವ ಮನುಷ್ಯ ಆಮೇಲೆ ಕೆಲವು ದಿನ ಅದನ್ನು ಬಳಸಲೇ ಇಲ್ಲವಂತೆ. ಕರೆಂಟು ಬಂದರೂ ಸುಮ್ಮನೆ ಕೂತಿರುತ್ತಿದ್ದರಂತೆ. “ಏನಮ್ಮಾ, ಯಜಮಾನ್ರಿಗೆ ಹುಷಾರಿಲ್ವಾ? ಶೇವಿಂಗ್ ಮಾಡುಸ್ಕೊಂಡು ಸುಮ್ನೆ ಎದ್ದೋದ್ರು!” ಎಂದು ಕ್ಷೌರದ ಅಂಗಡಿಯವನು ಗಾಬರಿಯಿಂದ ಮನೆಗೇ ಬಂದು ವಿಚಾರಿಸಿದನಂತೆ.

ಮುಂದಿನ ಭಾನುವಾರ ನಾನು ಮತ್ತೆ ಚೇಳೂರಿನಲ್ಲಿದ್ದೆ. ಮಾವ ಬೆಳಿಗ್ಗೆಯೇ ಯಾರಿಗೂ ಹೇಳದೆ ಗುಬ್ಬಿ ಬಸ್ ಹತ್ತಿ ಹೋಗಿದ್ದರು. ಮಧ್ಯಾಹ್ನ ಊಟಕ್ಕೂ ಇಲ್ಲ. “ಎಲ್ಲಿ ಯಾವ ಪೊಲೀಸಿನವನ ಹತ್ರ ನ್ಯಾಯ ತೆಗ್ದವ್ರೋ,” ಎಂದು ಅತ್ತೆ ಗೊಣಗುತ್ತಾ ಒಳಗೂ ಹೊರಗೂ ಓಡಾಡಿದರು. ಸಂಜೆ ದೇವರಿಗೆ ದೀಪ ಹಚ್ಚುತ್ತಿದ್ದಾಗ, ತೆರೆದೇ ಇದ್ದ ಬಾಗಿಲನ್ನು ಯಾರೋ ತಟ್ಟಿದರು.

ಮಾವ! ಹೊಸಿಲಿನಾಚೆ ನಿಂತಿದ್ದಾರೆ. ಬಸ್ಸಿನ ಧೂಳಿಗೆ ಬಿಳಿ ಅಂಗಿ ಕಂದು ಬಣ್ಣವಾಗಿದೆ. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಬಾಡಿದ ಕನಕಾಂಬರದ ದಂಡೆ. ಕಂಕುಳಲ್ಲಿ ಬಟ್ಟೆಯ ಗಂಟು. ಹುರಿಗಡಲೆ ಉಂಡೆಯ ವಾಸನೆ.

“ಒಳಕ್ಕೆ ಬರ್ರೀ, ಅದ್ಯಾಕೆ ಅಲ್ಲೇ ನಿಂತ್ರಿ?” ಎಂದರು ಅತ್ತೆ.

ಮಾವ ಕದಲಲಿಲ್ಲ. ಗಂಟಲು ಸರಿಮಾಡಿಕೊಂಡರು.

“ನಾನು ಅಮೃತೂರಿಂದ ಬಂದಿದೀನಿ. ನಿಮ್ ತಂಗಿ ಕಳ್ಸವ್ರೆ. ಮನೆ ಮಗಳನ್ನ ತವರಿಗೆ ಕರ್ಕೊಂಡು ಹೋಗೋಣಾಂತ... ಯಜಮಾನ್ರನ್ನ ಒಂದ್ ಮಾತು ಕೇಳ್ಬೇಕಿತ್ತು.”

ನನಗೆ ನಗು ಬಂತು. ಬಾಯಿತನಕ ಬಂದದ್ದು ಅತ್ತೆಯ ಮುಖ ನೋಡಿ ಅಲ್ಲೇ ನಿಂತಿತು. ಅತ್ತೆ ಒಳಗೆ ಹೋಗಿ ಚೊಂಬಿನಲ್ಲಿ ಕಾಲಿಗೆ ನೀರು ತಂದಿಟ್ಟರು, ಬಂದ ನೆಂಟರಿಗೆ ಇಡುವಂತೆ. ಸೆರಗು ಸರಿಮಾಡಿಕೊಂಡು ಹೊಸಿಲ ಈಚೆ ನಿಂತರು.

“ಯಜಮಾನ್ರು ಮನೇಲಿಲ್ಲ,” ಎಂದರು. “ಏನಿದ್ರೂ ನನ್ನೇ ಕೇಳಿ.”

ಮಾವ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೇಳಿದರು.