ಹಿಂಬದಿ ಸ್ಪ್ರಿಂಗಿನ ಭಾರವಾಗಿರುವ ಗುಮಾಸ್ತರ ವರ್ಗಾವಣೆ ಕುರಿತು

ಇಲಾಖಾ ಮುಖ್ಯ ಕಚೇರಿ
(ವಾಹನ ಹಾಗೂ ಎತ್ತರ ಶಾಖೆ)

ಸುತ್ತೋಲೆ ಸಂಖ್ಯೆ: ಮುಕ/ವಾಎ/ಹಿಂಸ್ಪ್ರಿಂ/17/ತಿದ್ದುಪಡಿ-4
ದಿನಾಂಕ: ಇದೇ ತಿಂಗಳ 28, ಮಧ್ಯಾಹ್ನದ ಊಟದ ನಂತರ

ವಿಷಯ: ಎರಡು ಇಂಚು ಎತ್ತರಿಸಲಾದ ಇಲಾಖಾ ಜೀಪಿನ ಹಿಂಬದಿಗೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು (ಇನ್ನು ಮುಂದೆ 'ಶಾಕ್') ಆಯ್ಕೆ ಮಾಡುವ ಬಗ್ಗೆ, ಈಗಾಗಲೇ ಆಯ್ಕೆಯಾಗಿರುವ ಸ್ಪ್ರಿಂಗ್‌ಗಳಿಗೆ ತಕ್ಕ ಭಾರ ಒದಗಿಸುವ ಬಗ್ಗೆ, ಹಾಗೂ ಸದರಿ ಭಾರವು ವರ್ಗಾವಣೆ ಕೋರಿರುವ ಬಗ್ಗೆ.

ಉಲ್ಲೇಖ:
1. ವೇಬ್ರಿಡ್ಜ್ ಚೀಟಿ (ತಿಜೋರಿಯಲ್ಲಿ ಭದ್ರವಾಗಿದೆ).
2. ಗ್ಯಾರೇಜ್ ಮೇಸ್ತ್ರಿಯವರ ಅಭಿಪ್ರಾಯ, ಮೂರು ಸಲ.
3. ಕಡತಕೋಣೆ ಗುಮಾಸ್ತರ ವರ್ಗಾವಣೆ ಅರ್ಜಿ, ಹನ್ನೊಂದು ಸಲ.
4. ಚಾಲಕರ ಆಕ್ಷೇಪಣೆ, ಕಚೇರಿಯ ಮೆಟ್ಟಿಲ ಮೇಲೆ, ಏರುದನಿಯಲ್ಲಿ.

ಪ್ರಸ್ತಾವನೆ:

ಬೆಟ್ಟದ ಮೇಲಿನ ಮಾಪನ ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಜೀಪಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತಿದ್ದ ಕಾರಣ ಕಳೆದ ವರ್ಷ ಅದನ್ನು ಎರಡು ಇಂಚು ಎತ್ತರಿಸಲು ಮಂಜೂರಾತಿ ನೀಡಲಾಗಿತ್ತು. ಮುಂಬದಿಯ ಕೆಲಸ ಯಾವ ತಕರಾರೂ ಇಲ್ಲದೆ ಮುಗಿಯಿತು. ಹಿಂಬದಿಯ ವಿಷಯಕ್ಕೆ ಬಂದಾಗ ಗ್ಯಾರೇಜ್ ಮೇಸ್ತ್ರಿಯವರು, ಸ್ಪ್ರಿಂಗ್‌ಗಳಲ್ಲಿ ಮೂರು ಬಗೆಯುಂಟೆಂದೂ, ಹಿಂದೆ ಏನೂ ಇಲ್ಲದ ವಾಹನಕ್ಕೆ ಒಂದು, ಇನ್ನೂರು ಕಿಲೋವರೆಗೆ ಒಂದು, ನಾನೂರು ಕಿಲೋವರೆಗೆ ಒಂದು ಎಂದೂ ತಿಳಿಸಿದರು. ಅವರ ಮುಂದಿನ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಹಿಂದೆ ಯಾವಾಗಲೂ ಇರೋ ಭಾರ ಎಷ್ಟು ಅಂತ ಮೊದಲು ಹೇಳಿ ಸಾರ್. ನಿಜ ಹೇಳಿ. ನೀವು ಸ್ಪ್ರಿಂಗಿಗೆ ಸುಳ್ಳು ಹೇಳಿದ್ರೆ ಅದು ನಿಮ್ಮ ಸೊಂಟಕ್ಕೆ ನಿಜ ಹೇಳುತ್ತೆ."

ನಿಜವನ್ನು ಕಂಡುಹಿಡಿಯಲು ಮೂವರ ಸಮಿತಿಯನ್ನು ರಚಿಸಲಾಯಿತು. ಸಮಿತಿಯು ಒಂದು ಶನಿವಾರ ಮಧ್ಯಾಹ್ನ ಜೀಪನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿತು. ಅಂದು ಜೀಪಿನ ಹಿಂಬದಿಯಲ್ಲಿ, ಬೀಗ ಕೆಟ್ಟು ರಿಪೇರಿಗೆ ಹೊರಟಿದ್ದ ಕಬ್ಬಿಣದ ತಿಜೋರಿ (160 ಕಿಲೋ), ಮಾಪನ ಕೇಂದ್ರಕ್ಕೆ ಒಯ್ಯುತ್ತಿದ್ದ ನೀರು ತುಂಬಿದ ಡ್ರಮ್ (114 ಕಿಲೋ) ಮತ್ತು ಕಡತಕೋಣೆಯ ಗುಮಾಸ್ತರು (112 ಕಿಲೋ) ಇದ್ದರು. ಸಿಬ್ಬಂದಿ ವಲಯದಲ್ಲಿ 'ಬೀರು' ಎಂದೇ ಪರಿಚಿತರಾದ ಸದರಿ ಗುಮಾಸ್ತರು, ಆರು ಗಂಟೆ ಪ್ರಯಾಣದಷ್ಟು ದೂರದ ಊರಿನಲ್ಲಿ ನರ್ಸ್ ಆಗಿರುವ ಪತ್ನಿಯನ್ನೂ ಮಗಳನ್ನೂ ಕಾಣಲು ಪ್ರತಿ ಶನಿವಾರ ಹೊರಡುವವರು. ಬಸ್ ನಿಲ್ದಾಣ ದಾರಿಯಲ್ಲೇ ಇದ್ದುದರಿಂದ ಹತ್ತಿ ಕುಳಿತಿದ್ದರು. ಚಾಲಕರು ಇಳಿದರು, ಸಮಿತಿ ಇಳಿಯಿತು. ಗುಮಾಸ್ತರಿಗೆ ಇಳಿಯಿರಿ ಎಂದು ಯಾರೂ ಹೇಳಲಿಲ್ಲ. ಹೇಳದೆ ಇಳಿಯುವುದು ಅವರ ಸೇವಾ ಇತಿಹಾಸದಲ್ಲೇ ಇಲ್ಲ.

ವಾಹನದ ಪುಸ್ತಕದಲ್ಲಿದ್ದ ತೂಕವನ್ನು ಕಳೆದು, 'ಯಾವಾಗಲೂ ಇರುವ ಭಾರ: 386 ಕಿಲೋ' ಎಂದು ಚೀಟಿಯ ಹಿಂದೆ ಬರೆದು ಮೂವರೂ ಸಹಿ ಮಾಡಿದರು. ನಾನೂರು ಕಿಲೋದ ಸ್ಪ್ರಿಂಗ್‌ಗಳು, ಅವುಗಳಿಗೆ ಒಪ್ಪುವ ಗಟ್ಟಿ ಶಾಕ್‌ಗಳು ಬಂದವು. ತಿಜೋರಿ ಅಂಗಡಿಯಲ್ಲಿ ಇಳಿಯಿತು, ಡ್ರಮ್ ಬೆಟ್ಟದ ಮೇಲೆ ಇಳಿಯಿತು, ಗುಮಾಸ್ತರು ಬಸ್ ನಿಲ್ದಾಣದಲ್ಲಿ ಇಳಿದರು. ಅಂದಿನಿಂದ ಜೀಪು ಹಿಂಭಾಗವನ್ನು ಆಕಾಶಕ್ಕೆತ್ತಿ, ಮೂಗನ್ನು ನೆಲಕ್ಕೆ ಹಚ್ಚಿ ಓಡತೊಡಗಿತು. ಹೆಡ್‌ಲೈಟ್ ಬೆಳಕು ಆರು ಅಡಿ ದಾಟಿ ಹೋಗಲಿಲ್ಲ. ಚಾಲಕರ ತಲೆ ಮೊದಲ ವಾರದಲ್ಲೇ ನಾಲ್ಕು ಸಲ ಛಾವಣಿಗೆ ತಗುಲಿತು. "ಇದು ಜೀಪಲ್ಲ ಸಾರ್, ಕಪ್ಪೆ. ಗುಂಡಿ ಕಂಡ್ರೆ ನಾನು ಬ್ರೇಕ್ ಒತ್ತೋದ್ರೊಳಗೆ ಇದು ಜಿಗಿದಾಗಿರುತ್ತೆ," ಎಂಬುದು ಉಲ್ಲೇಖ (4)ರ ಸಾರಾಂಶ. ಉಳಿದ ಭಾಗವು ಬರೆಯತಕ್ಕದ್ದಲ್ಲ.

ಸ್ಪ್ರಿಂಗ್ ಬದಲಿಸುವುದೇ ದಾರಿ ಎಂದು ಮೇಸ್ತ್ರಿಯವರು ಎರಡನೇ ಸಲ ತಿಳಿಸಿದರು. ಹಾಗೆ ಮಾಡಿದಲ್ಲಿ ಚೀಟಿ ತಪ್ಪೆಂದಾಗುವುದು. ಚೀಟಿಯ ಮೇಲೆ ಮೂರು ಸಹಿಗಳಿವೆ. ಆದಕಾರಣ ಚೀಟಿಯನ್ನು ವಾಹನಕ್ಕೆ ಹೊಂದಿಸುವ ಬದಲು ವಾಹನವನ್ನು ಚೀಟಿಗೆ ಹೊಂದಿಸಲು ತೀರ್ಮಾನಿಸಿ, ತಿದ್ದುಪಡಿ 1ರಿಂದ 3ರವರೆಗೆ ಕೆಳಕಂಡ ಕ್ರಮಗಳನ್ನು ಜಾರಿಗೊಳಿಸಲಾಯಿತು:

(ಅ) ತಿಜೋರಿಯನ್ನು ವಾಪಸು ತರಿಸಿ ಜೀಪಿನ ಹಿಂಬದಿಯ ನೆಲಕ್ಕೆ ಎಂಟು ಬೋಲ್ಟ್‌ಗಳಿಂದ ಬಿಗಿಯಲಾಯಿತು. ಅದು ಖಾಲಿ ಇರುವುದು ಸರಿಯಲ್ಲವೆಂದು ವೇಬ್ರಿಡ್ಜ್ ಚೀಟಿಯನ್ನೇ ಅದರಲ್ಲಿಡಲಾಯಿತು.

(ಆ) ಡ್ರಮ್ ಸದಾ ತುಂಬಿರತಕ್ಕದ್ದು. ಅದರ ನೀರು ಕುಡಿಯುವುದನ್ನು ಇಲಾಖಾ ಭಾರದ ದುರ್ಬಳಕೆ ಎಂದು ಪರಿಗಣಿಸಲಾಯಿತು.

(ಇ) ಜೀಪು ಯಾವ ಕೆಲಸಕ್ಕೆ ಹೊರಟರೂ ಕಡತಕೋಣೆ ಗುಮಾಸ್ತರು ಹಿಂಬದಿಯಲ್ಲಿ ಆಸೀನರಾಗಿರತಕ್ಕದ್ದು. ಅವರು ರಜೆಯಲ್ಲಿದ್ದರೆ ತಲಾ 56 ಕಿಲೋದ ಇಬ್ಬರು ಕಿರಿಯ ಸಹಾಯಕರು ಬದಲಿಗೆ ಕೂರತಕ್ಕದ್ದು. ಇಬ್ಬರಿಗೂ ಸೇರಿ ಒಂದೇ ಹಾಜರಿ.

(ಈ) ಗುಮಾಸ್ತರನ್ನು ಪ್ರತಿ ಸೋಮವಾರ ತೂಗತಕ್ಕದ್ದು. ಬೆಟ್ಟದ ದಾರಿಯ ಕುಲುಕಾಟದಿಂದ ಅವರು 109 ಕಿಲೋಗೆ ಇಳಿದುದು ಕಂಡುಬಂದ ಮೇಲೆ, ಕೊರತೆಯ ಮೂರು ಕಿಲೋ ತುಂಬಲು ಸೇವಾ ನಿಯಮಾವಳಿಯ ಎರಡು ದಪ್ಪ ಸಂಪುಟಗಳನ್ನು ಅವರ ತೊಡೆಯ ಮೇಲೆ ಇರಿಸಲಾಯಿತು.

ಹೀಗೆ ಎಲ್ಲವೂ ಸಮತೋಲನದಲ್ಲಿದ್ದಾಗ, ಗುಮಾಸ್ತರ ಪತ್ನಿ ಇರುವ ಊರಿನ ಶಾಖಾ ಕಚೇರಿಯಲ್ಲಿ ಒಂದು ಗುಮಾಸ್ತ ಹುದ್ದೆ ತೆರವಾಯಿತು. ಇದೇ ತಿಂಗಳ 30ರೊಳಗೆ ತುಂಬದಿದ್ದಲ್ಲಿ ಆ ಹುದ್ದೆ ರದ್ದಾಗುತ್ತದೆ. ನಾಲ್ಕು ವರ್ಷಗಳಿಂದ ವಾರಕ್ಕೆ ಒಂದು ದಿನದ ಸಂಸಾರ ಮಾಡುತ್ತಿರುವ ಗುಮಾಸ್ತರು ಅರ್ಜಿ ಸಲ್ಲಿಸಿದರು. 'ಅರ್ಜಿದಾರರು ವಾಹನದ ಬಿಡಿಭಾಗವಾಗಿರುವುದರಿಂದ ಪರಿಶೀಲಿಸಲು ಅವಕಾಶವಿರುವುದಿಲ್ಲ' ಎಂದು ಹಿಂಬರಹ ನೀಡಲಾಯಿತು. ಹತ್ತು ಅರ್ಜಿಗಳಿಗೂ ಇದೇ ಹಿಂಬರಹ.

ಈ ನಡುವೆ ಗುಮಾಸ್ತರ ಪತ್ನಿಯವರು ದೂರವಾಣಿ ಮೂಲಕ ವಾಹನ ಹಾಗೂ ಎತ್ತರ ಶಾಖೆಯ ಮುಖ್ಯಸ್ಥರನ್ನು ಸಂಪರ್ಕಿಸಿದರು. ಅವರ ಹೇಳಿಕೆ: "ಜೀಪಲ್ಲಿ ಮರಳು ಮೂಟೆ ಇಟ್ಕೊಳ್ಳಿ ಸಾರ್, ನನ್ನ ಗಂಡನ್ನ ಕಳಿಸಿ. ನೂರಾ ಹನ್ನೆರಡು ಕಿಲೋನ ಇಲ್ಲಿ ನಾನು ಹೊತ್ಕೋತೀನಿ, ನನಗೆ ಯಾವ ಸ್ಪ್ರಿಂಗೂ ಬೇಕಾಗಿಲ್ಲ." ಸಲಹೆಯನ್ನು ಪರಿಶೀಲಿಸಲಾಯಿತು. ಮರಳು ಒದ್ದೆಯಾದರೆ ತೂಕ ಬದಲಾಗುವುದು, ಮೂಟೆಯು ಲಾಗ್ ಪುಸ್ತಕದಲ್ಲಿ ಸಹಿ ಮಾಡಲಾರದು, ಮತ್ತು ಯಾವ ಮೂಟೆಯೂ ಈವರೆಗೆ ಇಲಾಖಾ ಪರೀಕ್ಷೆ ಪಾಸು ಮಾಡಿರುವುದಿಲ್ಲ. ಸಲಹೆ ತಿರಸ್ಕೃತವಾಯಿತು.

ಇಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಗುಮಾಸ್ತರ ತೊಡೆಯ ಮೇಲೆ ಇರಿಸಲಾಗಿದ್ದ ಸೇವಾ ನಿಯಮಾವಳಿಯನ್ನು ಅವರು ಓದುತ್ತಿದ್ದರೆಂಬುದು ಕಚೇರಿಯ ಗಮನಕ್ಕೆ ಬಂದಿರಲಿಲ್ಲ. ಬೆಟ್ಟಕ್ಕೆ ಹೋಗಿ ಬರಲು ನಾಲ್ಕು ಗಂಟೆ. ಹಿಂಬದಿಯಲ್ಲಿ ಬೇರೆ ಕೆಲಸವಿಲ್ಲ. ಇಂತಹ ಪುಸ್ತಕವನ್ನು ಇಡಿಯಾಗಿ ಓದಿದ ನೌಕರರು ಇಲಾಖೆಯಲ್ಲಿ ಈ ಹಿಂದೆ ಇರಲಿಲ್ಲವಾದ್ದರಿಂದ ಮುನ್ನೆಚ್ಚರಿಕೆ ಸಾಧ್ಯವಾಗಲಿಲ್ಲ. ಎರಡನೇ ಸಂಪುಟದ ಕುರ್ಚಿಗಳ ಅಧ್ಯಾಯದಲ್ಲಿ, 'ನೌಕರನ ದೇಹಸ್ಥಿತಿಗೆ ಅನುಗುಣವಾಗಿ ಖರೀದಿಸಿದ ಯಾವುದೇ ಸಾಮಗ್ರಿಯು ವರ್ಗಾವಣೆಯಾದಾಗ ಆ ನೌಕರನೊಂದಿಗೇ ಹೋಗತಕ್ಕದ್ದು' ಎಂದಿದೆ. ಹನ್ನೊಂದನೇ ಅರ್ಜಿಯೊಂದಿಗೆ ಖುದ್ದು ಹಾಜರಾದ ಗುಮಾಸ್ತರು ಹೀಗೆ ವಿವರಿಸಿದರು:

"ಚೀಟಿ ತಪ್ಪಲ್ಲ ಸಾರ್. ಸ್ಪ್ರಿಂಗೂ ತಪ್ಪಲ್ಲ. ಅದನ್ನ ತರಿಸಿದ್ದು ನನ್ನ ತೂಕ ನೋಡಿ ತಾನೇ? ಹಾಗಾದ್ರೆ ಅದು ನಂದು. ನನ್ನನ್ನ ಕಳಿಸಿದ್ರೆ ಅದೂ ನನ್ನ ಜೊತೆ ಬರುತ್ತೆ. ಆಮೇಲೆ ನಿಮ್ಮ ಜೀಪಿಗೆ ಸ್ಪ್ರಿಂಗೇ ಇರಲ್ಲ, ಬೇರೆ ತರಿಸಲೇಬೇಕಾಗುತ್ತೆ. ಯಾರೂ ತಪ್ಪು ಮಾಡಿದ ಹಾಗೂ ಆಗಲ್ಲ."

ಕೊನೆಯ ವಾಕ್ಯವನ್ನು ಶಾಖಾ ಮುಖ್ಯಸ್ಥರು ಎರಡು ಸಲ ಹೇಳಿಸಿ ಕೇಳಿದರು. ಸದರಿ ದಿನ ಅವರು ಹಿಂದೆಂದೂ ಕಾಣದಷ್ಟು ಹಗುರವಾಗಿ ಕಂಡರೆಂದು ಚಾಲಕರು ವರದಿ ಮಾಡಿದ್ದಾರೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ತೂಗಿ, ಸಂಬಂಧಪಟ್ಟವರೆಲ್ಲರೂ ಪಾಲಿಸಬೇಕಾದ ಸೂಚನೆಗಳನ್ನು ಈ ಕೆಳಗೆ ಹೊರಡಿಸಲಾಗಿದೆ.

1. ಕಡತಕೋಣೆ ಗುಮಾಸ್ತರನ್ನು, ಎರಡು ಹಿಂಬದಿ ಸ್ಪ್ರಿಂಗ್ ಮತ್ತು ಎರಡು ಶಾಕ್‌ಗಳ ಸಮೇತ, ಕೋರಿದ ಶಾಖಾ ಕಚೇರಿಗೆ ವರ್ಗಾಯಿಸಲಾಗಿದೆ.

2. ಸ್ಪ್ರಿಂಗ್ ಹೋಗಲಿ, ಶಾಕ್‌ಗಳನ್ನಾದರೂ ಉಳಿಸಿಕೊಳ್ಳೋಣವೆಂದು ಉಗ್ರಾಣಪಾಲಕರು ಕೋರಿದ್ದರು. ಮೇಸ್ತ್ರಿಯವರ ಮೂರನೇ ಅಭಿಪ್ರಾಯ ಹೀಗಿದೆ: "ಸ್ಪ್ರಿಂಗ್ ಎತ್ತುತ್ತೆ, ಶಾಕ್ ಅದನ್ನ ಹಿಡಿದು ನಿಲ್ಲಿಸುತ್ತೆ. ಎರಡೂ ಒಂದಕ್ಕೊಂದು ಹೊಂದಿರಬೇಕು. ಒಂದನ್ನ ಕಳಿಸಿ ಇನ್ನೊಂದನ್ನ ಇಟ್ಕೊಂಡ್ರೆ ಗಂಡ ಒಂದೂರು, ಹೆಂಡ್ತಿ ಒಂದೂರು ಅಂತಾಗುತ್ತೆ ಅಷ್ಟೇ." ಈ ಹೋಲಿಕೆಯು ಕಡತಕ್ಕೆ ಸಂಬಂಧಿಸಿದ್ದಲ್ಲವೆಂದು ತೆಗೆದುಹಾಕಲು ತಿಳಿಸಲಾಗಿತ್ತು. ಗುಮಾಸ್ತರೇ ಬೆರಳಚ್ಚು ಮಾಡುತ್ತಿದ್ದುದರಿಂದ ಉಳಿದುಕೊಂಡಿದೆ.

3. ಸದರಿ ಶಾಖಾ ಕಚೇರಿಯಲ್ಲಿ ವಾಹನವಿರುವುದಿಲ್ಲ. ಆದ್ದರಿಂದ ಸ್ಪ್ರಿಂಗ್‌ಗಳನ್ನು ಗುಮಾಸ್ತರ ಮೇಜಿನ ಎಡಕ್ಕೊಂದು ಬಲಕ್ಕೊಂದರಂತೆ ನಿಲ್ಲಿಸತಕ್ಕದ್ದು. ಸಾರ್ವಜನಿಕರು ಅವುಗಳ ಮೇಲೆ ಕೂರಬಾರದು. ಕುಳಿತು ಮೇಲಕ್ಕೆ ಚಿಮ್ಮಿದಲ್ಲಿ ಇಲಾಖೆ ಜವಾಬ್ದಾರಿಯಲ್ಲ.

4. ಜೀಪಿಗೆ ಹೊಸ ಸ್ಪ್ರಿಂಗ್ ಆಯ್ಕೆ ಮಾಡುವ ಸಲುವಾಗಿ ಹೊಸ ತೂಕ ನಡೆಸತಕ್ಕದ್ದು. ಡ್ರಮ್ ಇಳಿಸಲಾಗಿದೆ, ಅದರ ನೀರು ಕುಡಿಯಬಹುದು. ತಿಜೋರಿಯ ಎಂಟೂ ಬೋಲ್ಟ್‌ಗಳು ತುಕ್ಕು ಹಿಡಿದು ಬಿಚ್ಚಲಾಗದ ಸ್ಥಿತಿ ತಲುಪಿವೆ. ಹೀಗಾಗಿ 160 ಕಿಲೋದ ತಿಜೋರಿಯು ಈಗ ನಿಜಕ್ಕೂ ಯಾವಾಗಲೂ ಇರುವ ಭಾರವಾಗಿದ್ದು, ಇನ್ನೂರು ಕಿಲೋದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಎರಡು ಇಂಚಿನ ಎತ್ತರಕ್ಕೆ ಸಾಕಾಗುವಷ್ಟು ಉದ್ದದ್ದು, ತರಿಸತಕ್ಕದ್ದು. ತುಕ್ಕಿನ ಈ ಸಹಕಾರಕ್ಕೆ ಇಲಾಖೆ ಮೆಚ್ಚುಗೆ ಸೂಚಿಸಿದೆ.

5. ತೂಕದ ದಿನ ಜೀಪಿನೊಳಗೆ ಯಾರೂ ಇರಕೂಡದು. ಇದ್ದಾರೆಯೇ ಎಂದು ಸಮಿತಿಯು ಹಿಂಬಾಗಿಲು ತೆರೆದು, ಹೆಸರು ಹಿಡಿದು ಮೂರು ಸಲ ಕೂಗತಕ್ಕದ್ದು. ಉತ್ತರ ಬಾರದಿದ್ದಲ್ಲಿ, ಉತ್ತರ ಕೊಡದೇ ಕುಳಿತವರು ಯಾರೆಂದು ಲಿಖಿತವಾಗಿ ಕೇಳತಕ್ಕದ್ದು.

6. (ಈ ಕಂಡಿಕೆಯನ್ನು ಕೈಬಿಡಲಾಗಿದೆ. ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.)

7. ಸೇವಾ ನಿಯಮಾವಳಿಯನ್ನು ಭಾರವಾಗಿ ಬಳಸುವ ಮುನ್ನ ದಾರದಿಂದ ಬಿಗಿಯಾಗಿ ಕಟ್ಟತಕ್ಕದ್ದು.

8. ಸ್ಪ್ರಿಂಗ್‌ಗಳನ್ನು 112 ಕಿಲೋದ ನೌಕರರಿಗೆಂದು ಖರೀದಿಸಿರುವುದರಿಂದ, ಅವುಗಳನ್ನು 109 ಕಿಲೋದ ನೌಕರರಿಗೆ ಹಸ್ತಾಂತರಿಸಲು ಲೆಕ್ಕಪರಿಶೋಧನಾ ಶಾಖೆ ಆಕ್ಷೇಪಿಸಿದೆ. ಗುಮಾಸ್ತರು ಖರೀದಿಯ ದಿನದ ತೂಕಕ್ಕೆ ಮರಳಿದ ನಂತರವೇ ಕಾರ್ಯಮುಕ್ತಿ ಎಂದು 21ನೇ ತಾರೀಖು ಆದೇಶವಾಯಿತು. ಕೈಯಲ್ಲಿದ್ದುದು ಒಂಬತ್ತು ದಿನ. ಅಂದಿನಿಂದ ಚಾಲಕರು, ಉಗ್ರಾಣಪಾಲಕರು ಹಾಗೂ 56 ಕಿಲೋದ ಇಬ್ಬರೂ ಕಿರಿಯ ಸಹಾಯಕರು ತಮ್ಮ ಊಟದ ಡಬ್ಬಿಯ ಅರ್ಧವನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಹೋಗುತ್ತಿದ್ದುದು ಕಂಡುಬಂದಿದೆ. "ತಿನ್ನೋ ಮಾರಾಯ, ಸಂಕೋಚ ಯಾಕೆ? ನೀನು ಹೋದ್ರೇನೇ ನನ್ನ ತಲೆ ಉಳಿಯೋದು," ಎಂದು ಚಾಲಕರು ಹುರಿದುಂಬಿಸಿದ್ದಾರೆ. ಸಹಾಯಕರು ಈಗ ತಲಾ 54 ಕಿಲೋ ಇದ್ದು, ಅವರ ಬಗ್ಗೆ ಪ್ರತ್ಯೇಕ ಕಡತ ತೆರೆಯಲಾಗಿದೆ.

9. 27ರ ಸಂಜೆಯ ತೂಕ 111 ಕಿಲೋ 400 ಗ್ರಾಂ. ಇಂದು, 28ರಂದು, ಊಟದ ನಂತರ 112 ಕಿಲೋ, ಸರಿಯಾಗಿ. ತೂಗುವ ಹೊತ್ತಿಗೆ ಗುಮಾಸ್ತರ ಜೇಬಿನಲ್ಲಿ ಕಡತಕೋಣೆಯ ಅಷ್ಟೂ ಬೀರುಗಳ ಬೀಗದ ಕೈ ಗೊಂಚಲು ಇದ್ದುದನ್ನು ಮೂವರ ಸಮಿತಿಯು ಗಮನಿಸಿದೆ. ಗಮನಿಸಿಲ್ಲವೆಂದು ದಾಖಲಿಸಿದೆ. ಮೂವರೂ ಸಹಿ ಮಾಡಿದ್ದಾರೆ.

10. ಮೂರು ಸಹಿಗಳಿರುವುದರಿಂದ ಈ ತೂಕವು ಅಂತಿಮ. ಗುಮಾಸ್ತರನ್ನು ಇಂದು ಸಂಜೆಯೇ ಕಾರ್ಯಮುಕ್ತಗೊಳಿಸಲಾಗಿದೆ. ಬಸ್ ನಿಲ್ದಾಣದವರೆಗೆ ಇಲಾಖಾ ಜೀಪಿನಲ್ಲಿ ಬಿಡಲು ಕ್ರಮವಿತ್ತಾದರೂ, ಜೀಪಿನ ಸ್ಪ್ರಿಂಗ್‌ಗಳು ಅವರ ಸಾಮಾನಿನೊಂದಿಗೆ ಕಟ್ಟಲ್ಪಟ್ಟಿರುವುದರಿಂದ ಜೀಪು ಇಟ್ಟಿಗೆಗಳ ಮೇಲೆ ನಿಂತಿದೆ. ಚಾಲಕರು, ಉಗ್ರಾಣಪಾಲಕರು ಮತ್ತು ಸಹಾಯಕರು ಸಾಮಾನು ಹೊತ್ತು ನಡೆದೇ ಬೀಳ್ಕೊಡುವುದಾಗಿ ತಿಳಿಸಿದ್ದಾರೆ. ಇದಕ್ಕೆ ಅನುಮತಿ ಅಗತ್ಯವಿತ್ತು, ಯಾರೂ ಕೇಳಿಲ್ಲ, ನೀಡಲಾಗಿದೆ.

(ಸಹಿ)
ಶಾಖಾ ಮುಖ್ಯಸ್ಥರು
ವಾಹನ ಹಾಗೂ ಎತ್ತರ ಶಾಖೆ

ಪ್ರತಿಗಳು:

1. ಚಾಲಕರಿಗೆ – ಓದಿ, ತಲೆ ಸವರಿಕೊಳ್ಳುವ ಸಲುವಾಗಿ.
2. ಗ್ಯಾರೇಜ್ ಮೇಸ್ತ್ರಿಯವರಿಗೆ – ಇನ್ನು ಮುಂದೆ ಅಭಿಪ್ರಾಯವನ್ನು ಹೋಲಿಕೆಗಳಿಲ್ಲದೆ ಸಲ್ಲಿಸುವಂತೆ ಕೋರಿ.
3. ಲೆಕ್ಕಪರಿಶೋಧನಾ ಶಾಖೆಗೆ – ಕಂಡಿಕೆ 9ರ ಮೊದಲೆರಡು ವಾಕ್ಯಗಳು ಮಾತ್ರ.
4. ವೇಬ್ರಿಡ್ಜ್ ಮಾಲೀಕರಿಗೆ – ಮಾಹಿತಿಗಾಗಿ.
5. ತಿಜೋರಿಗೆ – ಒಳಗಿಡುವ ಸಲುವಾಗಿ.
6. ಗುಮಾಸ್ತರ ಪತ್ನಿಯವರಿಗೆ – ಸದರಿ ಭಾರವನ್ನು ಸ್ಥಿತಿ ಇದ್ದಂತೆ ಸ್ವೀಕರಿಸಿ ರಸೀದಿ ಕಳಿಸುವಂತೆ ಕೋರಿ.
7. ಗುಮಾಸ್ತರ ಆರು ವರ್ಷದ ಮಗಳಿಗೆ – ಸೋಮವಾರ ಬೆಳಿಗ್ಗೆ ಎದ್ದಾಗಲೂ ತಂದೆಯವರು ಮನೆಯಲ್ಲೇ ಕಂಡುಬಂದಲ್ಲಿ ಗಾಬರಿಯಾಗಬಾರದೆಂಬ ಸೂಚನೆಯೊಂದಿಗೆ.